ಯಾವ ಮೀನಿನ ಕೂಡ ಯಾವ ಮೀನು?

ಅಕ್ವೇರಿಯಂ ಅಂಗಡಿಗೆ ಬಂದವರು ಬೆಲೆಗಿಂತ ಮೊದಲು ಕೇಳುವುದು ಇದನ್ನೇ: "ಇದು ಅದರ ಕೂಡ ಇರ್ತದೇನ್ರಿ?" ಅಂಗಡಿಯವರ ಉತ್ತರವೂ ರೆಡಿ ಇರುತ್ತದೆ: "ಇರ್ತದ ತಗೋರಿ, ಏನೂ ಆಗಂಗಿಲ್ಲ." ಗಪ್ಪಿ, ಮೋಲಿ, ಪ್ಲಾಟಿಗಳ ಸಿಹಿನೀರಿನ ಟ್ಯಾಂಕಿನಲ್ಲಿ ಈ ಭರವಸೆ ಹೆಚ್ಚುಕಡಿಮೆ ನಡೆದುಹೋಗುತ್ತದೆ. ಹವಳವೂ ಇರುವ ಉಪ್ಪುನೀರಿನ ಟ್ಯಾಂಕಿನಲ್ಲಿ ನಡೆಯುವುದಿಲ್ಲ. ನಿನ್ನೆ ತಂದು ಬಿಟ್ಟ ಮೀನು ಇವತ್ತು ಕಲ್ಲಿನ ಸಂದಿಯಲ್ಲಿ ಬಾಲ ಹರಿದುಕೊಂಡು ಅಡಗಿರುತ್ತದೆ; ವಾರ ಕಳೆಯುವುದರೊಳಗೆ ಕಾಣುವುದೇ ಇಲ್ಲ. ಯಾರು ಕೊಂದರು, ಯಾಕೆ ಕೊಂದರು ಎಂದರೆ ಹವ್ಯಾಸಿಗಳು ಒಂದು ಹೇಳುತ್ತಾರೆ, ಜೀವವಿಜ್ಞಾನಿಗಳು ನಾಲ್ಕು ಹೇಳುತ್ತಾರೆ. ಈ ಉತ್ತರಗಳು ಎಲ್ಲಿಂದ ಬಂದವು, ಯಾವುದು ಎಲ್ಲಿಯವರೆಗೆ ಕೆಲಸಕ್ಕೆ ಬರುತ್ತದೆ, ಕಲಬುರಗಿಯಂಥ ಬಿಸಿಲೂರಿನಲ್ಲಿ ಅವುಗಳ ಗತಿ ಏನು ಎಂದು ನೋಡುವುದು ಈ ಲೇಖನದ ಕೆಲಸ.

ಊರು, ನೀರು, ಕಲ್ಲು

ಕಲಬುರಗಿಯ ಐವಾನ್-ಎ-ಶಾಹಿ ಕಡೆಯ ಮನೆಯೊಂದರ ಹಾಲಿನಲ್ಲಿ ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್ ಇಟ್ಟರೆ ಅದು ಹಿಡಿಯುವುದು ಸುಮಾರು 190 ಲೀಟರ್. ಕಲ್ಲು, ಮರಳು ಹಾಕಿದ ಮೇಲೆ ಉಳಿಯುವ ನೀರು 150 ಲೀಟರಿನ ಆಸುಪಾಸು. ಲೀಟರಿಗೆ 35 ಗ್ರಾಂ ಲೆಕ್ಕ ಹಿಡಿದರೂ ಐದು ಕಿಲೋಗೆ ಮಿಕ್ಕಿ ಉಪ್ಪು ಬೇಕು. ಅಡುಗೆ ಉಪ್ಪು ಆಗದು. ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲವೂ ಕಡಲಿನ ಪ್ರಮಾಣದಲ್ಲೇ ಇರುವ ಅಕ್ವೇರಿಯಂ ಉಪ್ಪೇ ಬೇಕು. ಬೋರ್‌ವೆಲ್ ನೀರು ಗಡುಸು, ಹಾಗಾಗಿ ಆರ್‌ಓ ನೀರಿಲ್ಲದೆ ಕೆಲಸ ಸಾಗದು. ಮೀನು ಬರುವುದು ಮುಂಬೈ, ಚೆನ್ನೈ, ಹೈದರಾಬಾದಿನ ವ್ಯಾಪಾರಿಗಳಿಂದ. ಆಕ್ಸಿಜನ್ ತುಂಬಿದ ಚೀಲದಲ್ಲಿ, ಥರ್ಮಾಕೋಲ್ ಪೆಟ್ಟಿಗೆಯಲ್ಲಿ. ಊರು ಮುಂಬೈ–ಚೆನ್ನೈ ರೈಲು ಮಾರ್ಗದ ಮೇಲಿರುವುದು ಈ ಮಟ್ಟಿಗೆ ನಮ್ಮ ಪುಣ್ಯ.

ಹಾಗೆ ನೋಡಿದರೆ ಈ ಸೀಮೆಗೆ ಕಡಲು ಹೊಸದೂ ಅಲ್ಲ. ಮನೆಮನೆಯ ನೆಲಕ್ಕೆ ಹಾಸಿರುವ ಶಹಾಬಾದ್ ಕಲ್ಲು, ಹವಳದ ದಿಬ್ಬದ ಬಣ್ಣದ ಮೀನುಗಳು ಹುಟ್ಟುವುದಕ್ಕಿಂತ ಎಷ್ಟೋ ಕೋಟಿ ವರ್ಷ ಮೊದಲು ಆಳವಿಲ್ಲದ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತ ಸುಣ್ಣಕಲ್ಲು. ಆದರೆ ಟ್ಯಾಂಕಿಗೆ ಅದು ಪ್ರಯೋಜನವಿಲ್ಲ. ಚಪ್ಪಟೆ, ಗಟ್ಟಿ, ತೂತಿಲ್ಲ. ಮೀನಿಗೆ ಅಡಗುವುದಕ್ಕೂ ನೀರು ಶುದ್ಧಿ ಮಾಡುವ ಬ್ಯಾಕ್ಟೀರಿಯಾ ನೆಲೆಸುವುದಕ್ಕೂ ಒಳಗೆಲ್ಲ ತೂತುತೂತಾದ ಕಲ್ಲು ಬೇಕು. ಅಡಗುವ ಜಾಗದ ಈ ಮಾತು ನೆನಪಿರಲಿ, ಜಗಳದ ಅರ್ಧ ಕಾರಣ ಅಲ್ಲೇ ಇದೆ.

ಪ್ರಶ್ನೆ ಹುಟ್ಟಿದ್ದು

1846ರಲ್ಲಿ ಲಂಡನ್ನಿನ ಆನಾ ಥಿನ್ ಎಂಬ ಮಹಿಳೆ ಕಡಲಂಚಿನಿಂದ ತಂದ ಹವಳಗಳನ್ನು ಮನೆಯಲ್ಲಿ ಉಳಿಸಿಕೊಂಡರು. ಅದಕ್ಕಾಗಿ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿದು ಗಾಳಿಯಾಡಿಸಬೇಕಿತ್ತು. 1850ರಲ್ಲಿ ರಾಬರ್ಟ್ ವಾರಿಂಗ್ಟನ್ ಸಸ್ಯ, ಮೀನು, ಬಸವನಹುಳು ಮೂರೂ ಸೇರಿದರೆ ನೀರು ಕೆಡದೆ ಸಮತೋಲದಲ್ಲಿರುತ್ತದೆ ಎಂದು ತೋರಿಸಿದರು. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಲಯ ತೆರೆಯಿತು, ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಬರೆದ ಪುಸ್ತಕ ಈ ಹುಚ್ಚನ್ನು ಮನೆಮನೆಗೆ ಹಬ್ಬಿಸಿತು. ಆ ಕಾಲಕ್ಕೆ ಹೊಂದಾಣಿಕೆ ಎಂದರೆ ಯಾವುದು ಯಾವುದನ್ನು ತಿನ್ನುತ್ತದೆ ಎಂಬಷ್ಟೇ ವಿಚಾರ.

ಆಮೇಲೆ ಬಹುಕಾಲ ಹವಳ ಒಂದು ಕಡೆ, ಮೀನು ಒಂದು ಕಡೆ. ಮೀನಿನ ಟ್ಯಾಂಕಿನಲ್ಲಿ ಇರುತ್ತಿದ್ದುದು ತೊಳೆದು ಬಿಳಿಯಾಗಿಸಿದ ಸತ್ತ ಹವಳದ ಅಸ್ಥಿ. 1961ರಲ್ಲಿ ಇಂಡೋನೇಷ್ಯಾದ ಲೀ ಚಿನ್ ಎಂಗ್, ಜೀವಾಣುಗಳಿಂದ ತುಂಬಿದ ಕಲ್ಲನ್ನೇ ಕಡಲಿನಿಂದ ತಂದು ಇಟ್ಟರೆ ಹವಳ, ಮೀನು ಎರಡೂ ಬಾಳುತ್ತವೆ ಎಂದು ಬರೆದರು. ಕಡಲು ಅವರಿಗೆ ಹತ್ತಿರವಿತ್ತು, ಅದು ಬೇರೆ ಮಾತು. ಮುಂದೆ ಜರ್ಮನಿಯ ಹವ್ಯಾಸಿಗಳು ಇದಕ್ಕೆ ನೀರಿನ ಕೊಳೆಯನ್ನು ನೊರೆಯಾಗಿ ತೆಗೆಯುವ ಪ್ರೋಟೀನ್ ಸ್ಕಿಮ್ಮರ್, ಪ್ರಖರ ದೀಪ ಸೇರಿಸಿದರು. ಬರ್ಲಿನ್ ಪದ್ಧತಿ ಎಂದು ಹೆಸರಾದದ್ದು ಅದು. ಅಲ್ಲಿಂದ ಪ್ರಶ್ನೆಗೆ ಮೂರು ಕವಲು: ಮೀನಿಗೆ ಮೀನು ಹೊಂದುತ್ತದೆಯೇ, ಮೀನಿಗೆ ಹವಳ ಹೊಂದುತ್ತದೆಯೇ, ಮೀನಿಗೆ ಸೀಗಡಿ–ಬಸವನಹುಳು ಹೊಂದುತ್ತವೆಯೇ? ನಮ್ಮ ಕಡೆಯವರಲ್ಲಿ ಅನೇಕರು ಗಾಜಿನಾಚೆಗೆ ಮೊದಲ ಸಲ ಕಡಲಮೀನು ಕಂಡದ್ದು 1951ರಲ್ಲಿ ತೆರೆದ ಮುಂಬೈಯ ತಾರಾಪೊರವಾಲಾ ಮತ್ಸ್ಯಾಲಯದಲ್ಲಿ. ಮನೆಯಲ್ಲೇ ಇಡಬೇಕೆಂಬ ಆಸೆಗೆ ಬಹುಪಾಲು ಕಾರಣ 2003ರ ‘ಫೈಂಡಿಂಗ್ ನೀಮೊ’ ಸಿನಿಮಾ. ಇವತ್ತಿಗೂ ಮಕ್ಕಳು ಅಂಗಡಿಯಲ್ಲಿ ಕ್ಲೌನ್ ಮೀನು ಕೇಳುವುದಿಲ್ಲ, ನೀಮೊ ಕೇಳುತ್ತವೆ.

ಚಾರ್ಟಿನವರು

ಅಂಗಡಿ ಗೋಡೆಯ ಮೇಲೊಂದು ಚೌಕುಳಿ ಹಾಳೆ ಇರುತ್ತದೆ. ಅಡ್ಡಕ್ಕೂ ಉದ್ದಕ್ಕೂ ಮೀನಿನ ಹೆಸರು, ಮನೆಗಳಲ್ಲಿ ಹಸಿರು, ಹಳದಿ, ಕೆಂಪು. ಕ್ಲೌನ್–ಗೋಬಿ ಹಸಿರು, ಟ್ಯಾಂಗ್–ಟ್ಯಾಂಗ್ ಹಳದಿ, ಲಯನ್‌ಫಿಶ್–ಡ್ಯಾಮ್ಸೆಲ್ ಕೆಂಪು. ಇದನ್ನು ಹಗುರವಾಗಿ ತೆಗೆದುಹಾಕುವಂತಿಲ್ಲ. ಬಾಯಿಗೆ ಹಿಡಿಸುವುದೆಲ್ಲ ಲಯನ್‌ಫಿಶ್‌ಗೆ ಊಟ. ಟ್ರಿಗರ್ ಬಂದರೆ ಸೀಗಡಿ, ಬಸವನಹುಳು ಉಳಿಯುವುದು ಕಷ್ಟ. ಇಂಥ ಸ್ಥೂಲ ಸತ್ಯಗಳನ್ನು ಚಾರ್ಟು ಸರಿಯಾಗಿಯೇ ಹೇಳುತ್ತದೆ. ಹೊಸಬರ ಮೊದಲ ಅನಾಹುತಗಳಲ್ಲಿ ಎಷ್ಟೋ ಅದರಿಂದ ತಪ್ಪುತ್ತವೆ.

ಅದು ಸೋಲುವುದು ಹಳದಿ ಮನೆಯಲ್ಲಿ. "ಎಚ್ಚರ" ಎಂದರೆ ಏನು? ಎಷ್ಟು ದೊಡ್ಡ ಟ್ಯಾಂಕಿನಲ್ಲಿ, ಯಾವ ಮೀನು ಮೊದಲು, ಎಷ್ಟು ಕಲ್ಲು, ದಿನಕ್ಕೆ ಎಷ್ಟು ಊಟ, ಎಷ್ಟು ಡಿಗ್ರಿ ನೀರು? ಹಾಳೆ ಒಂದಕ್ಕೂ ಬಾಯಿ ಬಿಡುವುದಿಲ್ಲ. ಜಾತಿ ನೋಡಿ ಸ್ವಭಾವ ಹೇಳುವ ಈ ಪದ್ಧತಿಯ ಮೇಲೆ ನನ್ನ ದೂರು ಇಷ್ಟೇ: ಇದು ಮೀನನ್ನು ನೋಡುತ್ತದೆ, ಮೀನು ಇರುವ ಪರಿಸ್ಥಿತಿಯನ್ನು ನೋಡುವುದಿಲ್ಲ.

ಬಣ್ಣವೇ ಬಾವುಟ

ಹವಳದ ಮೀನಿಗೆ ಅಷ್ಟು ಗಾಢ ಬಣ್ಣ ಯಾಕೆ? ಪ್ರಾಣಿವರ್ತನೆಯ ಅಧ್ಯಯನಕ್ಕೆ 1973ರ ನೊಬೆಲ್ ಹಂಚಿಕೊಂಡ ಕೊನ್ರಾಡ್ ಲೊರೆಂಜ್, ಹತ್ತು ವರ್ಷ ಮೊದಲು ಆಕ್ರಮಣಶೀಲತೆಯ ಬಗ್ಗೆ ಬರೆದ ಪುಸ್ತಕವನ್ನು ಈ ಪ್ರಶ್ನೆಯಿಂದಲೇ ಶುರು ಮಾಡಿದರು. ಫ್ಲಾರಿಡಾದ ಕಡಲಲ್ಲಿ ಮುಳುಗಿ ನೋಡಿದ್ದನ್ನೂ ತಮ್ಮದೇ ಟ್ಯಾಂಕಿನಲ್ಲಿ ಕಂಡದ್ದನ್ನೂ ಜೋಡಿಸಿದರು. ಪೋಸ್ಟರಿನಂತೆ ಎದ್ದು ಕಾಣುವ ಬಣ್ಣ "ಈ ಜಾಗ ನನ್ನದು" ಎಂದು ತನ್ನ ಜಾತಿಯವರಿಗೆ ಸಾರುವ ಬಾವುಟ, ಹೊಡೆತ ಬೀಳುವುದು ಮುಖ್ಯವಾಗಿ ತನ್ನಂತೆಯೇ ಕಾಣುವವರಿಗೆ ಎಂಬುದು ಅವರ ವಾದ. ತನ್ನಂಥದೇ ಮೀನು ತನ್ನದೇ ಆಹಾರ ತಿನ್ನುತ್ತದೆ, ತನ್ನದೇ ಸಂದಿಯಲ್ಲಿ ಮಲಗುತ್ತದೆ. ಅದನ್ನು ಓಡಿಸಿದರೆ ಲಾಭವಿದೆ.

ಹವ್ಯಾಸಿಗಳ ಹಳೆಯ ನಿಯಮಗಳಲ್ಲಿ ಅರ್ಧಕ್ಕರ್ಧ ಇಲ್ಲಿಗೆ ಬಂದು ಸೇರುತ್ತವೆ. ಒಂದೇ ಆಕಾರದ ಎರಡು ಟ್ಯಾಂಗ್ ಬೇಡ, ಒಂದೇ ಬಣ್ಣದ ಎರಡು ಮೀನು ಬೇಡ, ಒಂದು ಡ್ವಾರ್ಫ್ ಏಂಜಲ್ ಸಾಕು. ಸಣ್ಣ ಟ್ಯಾಂಕಿನಲ್ಲಿ ಈ ನಿಯಮ ಹಿಡಿದವರು ಕೆಟ್ಟದ್ದು ಕಡಿಮೆ. ಆದರೆ ಡ್ಯಾಮ್ಸೆಲ್ ಸಾಕಿದವರು ತಕ್ಷಣ ಎದುರು ಮಾತಾಡುತ್ತಾರೆ. ಹೆಬ್ಬೆರಳುದ್ದದ ಆ ನೀಲಿ ಮೀನು ತನ್ನಂತೆ ಕಾಣದ, ತನ್ನ ನಾಲ್ಕು ಪಟ್ಟು ಇರುವ ಮೀನನ್ನೂ ಅಟ್ಟಿಸಿಕೊಂಡು ಹೋಗುತ್ತದೆ. ಟ್ಯಾಂಕಿಗೆ ಕೈ ಹಾಕಿದರೆ ಕೈಯನ್ನೂ ಬಿಡುವುದಿಲ್ಲ. ನಿಮ್ಮ ಕೈ ಅದಕ್ಕೆ ಯಾವ ಜಾತಿಯ ಮೀನಾಗಿ ಕಂಡೀತು?

ಹೊಟ್ಟೆಯ ವಾದ

ಇದಕ್ಕೆ ಒಂದು ಉತ್ತರ 1971ರಲ್ಲಿ ಬಂತು. ಆಸ್ಟ್ರೇಲಿಯಾದ ಹೆರಾನ್ ದ್ವೀಪದ ಹವಳದ ದಿಬ್ಬದಲ್ಲಿ ರಾಬರ್ಟ್ ಲೋ ಒಂದು ಜಾತಿಯ ಡ್ಯಾಮ್ಸೆಲ್ ಹಿಂದೆ ಬಿದ್ದರು. ಅದು ತನ್ನ ಜಾಗದಿಂದ ಅಟ್ಟುತ್ತಿದ್ದುದು ಪಾಚಿ ತಿನ್ನುವ ಮೀನುಗಳನ್ನು, ಯಾವ ಜಾತಿಯದಾದರೂ ಸರಿ. ಪಾಚಿ ಮುಟ್ಟದ ಮೀನುಗಳನ್ನು ಬಹುಮಟ್ಟಿಗೆ ಕಡೆಗಣಿಸುತ್ತಿತ್ತು. ಡ್ಯಾಮ್ಸೆಲನ್ನು ಅಲ್ಲಿಂದ ತೆಗೆದಾಗ ಹೊರಗಿದ್ದ ಪಾಚಿಗಳ್ಳರು ನುಗ್ಗಿ ಮೇಯತೊಡಗಿದರು. ಅದು ಕಾಯುತ್ತಿದ್ದುದು ತನ್ನ ಹೊಲವನ್ನು.

ಹೊಟ್ಟೆಯ ವಾದದವರು ಮೀನು ಆರಿಸುವಾಗ ಮೊದಲು ನೋಡುವುದು ಬಾಯಿ, ಆಮೇಲೆ ಬಣ್ಣ. ಕಲ್ಲಿನ ಪಾಚಿ ಕೆರೆಯುವವರು ಒಬ್ಬರು, ಮರಳು ಜರಡಿ ಹಿಡಿಯುವ ಗೋಬಿ ಒಂದು, ನಡುನೀರಿನಲ್ಲಿ ತೇಲಿ ಬರುವುದನ್ನು ಹಿಡಿಯುವ ಮೀನು ಒಂದೆರಡು. ಟ್ಯಾಂಗ್‌ಗಳ ಜಗಳಕ್ಕೆ ಅವರ ಮದ್ದು ನೋರಿ: ಒಣಗಿಸಿದ ಕಡಲಪಾಚಿಯ ಹಾಳೆಯನ್ನು ಟ್ಯಾಂಕಿನ ಎರಡು ಮೂಲೆಗೂ ಕ್ಲಿಪ್ ಹಾಕಿ ತೂಗಿಬಿಡುವುದು. ಎರಡು ಮೂಲೆ ಎನ್ನುವುದು ಮುಖ್ಯ. ಒಂದೇ ಕಡೆ ಹಾಕಿದರೆ ಬಲಿಷ್ಠ ಅದನ್ನೂ ಕಾಯುತ್ತಾ ನಿಲ್ಲುತ್ತಾನೆ.

ಜಗಳವಿಲ್ಲದೆ ಆಗುವ ಸಾವಿಗೂ ವಿವರಣೆ ಕೊಡುತ್ತದೆ ಎಂಬುದು ಈ ವಾದದ ದೊಡ್ಡ ಗುಣ. ಮ್ಯಾಂಡರಿನ್ ಎಂಬ ಚಿತ್ತಾರದ ಮೀನು ಯಾರ ತಂಟೆಗೂ ಹೋಗುವುದಿಲ್ಲ, ಚಾರ್ಟಿನಲ್ಲಿ ಅದಕ್ಕೆ ಸಾಲುಸಾಲು ಹಸಿರು. ಆದರೆ ಕಲ್ಲಿನ ಮೇಲೆ ಹರಿದಾಡುವ ಕೋಪೆಪಾಡ್ ಎಂಬ ಕಣದಷ್ಟು ಜೀವಿಗಳೇ ಅದರ ಊಟ. ಅದನ್ನೇ ಚುರುಕಾಗಿ ಹೆಕ್ಕುವ ಸಿಕ್ಸ್‌ಲೈನ್ ರಾಸ್ ಜೊತೆಗಿದ್ದರೆ ಮ್ಯಾಂಡರಿನ್ ಒಂದು ಏಟೂ ತಿನ್ನದೆ ಹಸಿವಿನಿಂದ ಸೊರಗುತ್ತದೆ. ಹಾಗೆಯೇ ನಮ್ಮಲ್ಲಿ ಧಾರಾಳವಾಗಿ ಮಾರಾಟವಾಗುವ ಕ್ಲೀನರ್ ರಾಸ್. ಬೇರೆ ಮೀನುಗಳ ಮೈಮೇಲಿನ ಪರೋಪಜೀವಿ, ಲೋಳೆ ತಿಂದು ಬದುಕುವ ಅದು, ಐದಾರು ಮೀನಿರುವ ಟ್ಯಾಂಕಿನಲ್ಲಿ ಬೇರೆ ಆಹಾರ ಕಲಿಯದಿದ್ದರೆ ಉಪವಾಸವೇ. ಇವು ಯಾರಿಗೂ ಹೊಂದದ ಮೀನುಗಳಲ್ಲ. ಮೂರಡಿ ಟ್ಯಾಂಕಿಗೆ ಹೊಂದದ ಮೀನುಗಳು.

ಮೊದಲು ಬಂದವರ ಮನೆ

ನನಗೆ ಹೆಚ್ಚು ಒಪ್ಪಿಗೆಯಾದ ಪಂಥ ಇದು. 1970ರ ದಶಕದಲ್ಲಿ ಪೀಟರ್ ಸೇಲ್, ಹವಳದ ದಿಬ್ಬದಲ್ಲಿ ಯಾವ ಜಾಗ ಯಾರಿಗೆ ಎಂಬುದು ಲಾಟರಿ ಇದ್ದಂತೆ ಎಂದರು. ಜಾಗ ಖಾಲಿಯಾದಾಗ ಯಾವ ಮರಿ ಮೊದಲು ಬಂದು ಕೂತಿತೋ ಅದರದು. ಬಂದವನು ಶ್ರೇಷ್ಠನೆಂದೇನೂ ಅಲ್ಲ. ಮೊದಲೇ ನೆಲೆಸಿದ ಡ್ಯಾಮ್ಸೆಲ್‌ಗಳಿದ್ದ ಕಡೆ ಹೊಸ ಮರಿಗಳು ನೆಲೆಯೂರುವುದು ಕಷ್ಟ ಎಂಬುದನ್ನು ಗ್ಲೆನ್ ಅಲ್ಮನಿ ಆಮೇಲೆ ಪ್ರಯೋಗದಿಂದ ತೋರಿಸಿದರು. ಲಾಟರಿ ವಾದವನ್ನು ಪೂರ್ತಿ ಒಪ್ಪದವರೂ ಮೊದಲು ಬಂದವರಿಗೆ ಮೇಲುಗೈ ಎಂಬಷ್ಟನ್ನು ತಳ್ಳಿಹಾಕುವುದಿಲ್ಲ.

ಹವ್ಯಾಸಿಗೆ ಇದರ ಅರ್ಥ ಸರಳ. ಮೆತ್ತನೆಯವರು ಮೊದಲು, ಮುಂಗೋಪಿ ಕೊನೆಗೆ. ಗೋಬಿ, ಕಾರ್ಡಿನಲ್, ಫೈರ್‌ಫಿಶ್ ಬಿಟ್ಟು ಅವು ತಮ್ಮ ತಮ್ಮ ಸಂದಿ ಹಿಡಿದ ಮೇಲೆ ಕ್ಲೌನ್. ಟ್ಯಾಂಗ್, ಡ್ಯಾಮ್ಸೆಲ್ ಬೇಕೇ ಬೇಕಿದ್ದರೆ ಎಲ್ಲಕ್ಕಿಂತ ಕೊನೆಗೆ. ಅಂಗಡಿಯ ಸಲಹೆ ಸಾಮಾನ್ಯವಾಗಿ ಇದರ ತದ್ವಿರುದ್ಧ: ಹೊಸ ಟ್ಯಾಂಕಿನ ಕೆಟ್ಟ ನೀರನ್ನು ತಡೆದುಕೊಳ್ಳುವ ಗಟ್ಟಿಜೀವ ಎಂದು ಮೊದಲು ಡ್ಯಾಮ್ಸೆಲನ್ನೇ ಕೊಡುತ್ತಾರೆ. ನೀರು ಸರಿಯಾಗುವ ಹೊತ್ತಿಗೆ ಇಡೀ ಟ್ಯಾಂಕು ಡ್ಯಾಮ್ಸೆಲ್ ಹೆಸರಿಗೆ ಪಹಣಿಯಾಗಿರುತ್ತದೆ.

ಆಮೇಲೆ ಬರುವವರಿಗೊಂದು ಉಪಾಯವಿದೆ. ತೂತು ಕೊರೆದ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹೊಸ ಮೀನನ್ನಿಟ್ಟು ಅದನ್ನು ಟ್ಯಾಂಕಿನೊಳಗೇ ತೂಗಿಹಾಕುವುದು. ಹಳಬ ಬಂದು ಡಬ್ಬಿಗೆ ಮೂತಿ ಕುಟ್ಟುತ್ತಾನೆ, ರೆಕ್ಕೆ ಅಗಲಿಸಿ ಅಡ್ಡ ನಿಲ್ಲುತ್ತಾನೆ, ತಿರುಗಿ ಬಾಲದಿಂದ ನೀರು ತಳ್ಳುತ್ತಾನೆ. ಹೊಸಬನಿಗೆ ಏಟು ತಾಗುವುದಿಲ್ಲ, ಓಡುವುದಕ್ಕೂ ಜಾಗವಿಲ್ಲ. ಬೆನ್ನಟ್ಟುವುದಕ್ಕೆ ಓಡುವವರಿಲ್ಲದಾಗ ಕುಟ್ಟುವುದು ದಿನೇ ದಿನೇ ಇಳಿಯುತ್ತದೆ. ಹಳಬ ಪಕ್ಕದಲ್ಲಿ ಹಾದುಹೋದರೂ ತಿರುಗಿ ನೋಡದಿದ್ದಾಗ ಬಾಗಿಲು ತೆಗೆಯಬೇಕು. ಅದೇ ದಿನ ಕಲ್ಲುಗಳನ್ನೂ ಒಂದಷ್ಟು ಅದಲುಬದಲು ಮಾಡಿದರೆ ಹಳಬನಿಗೂ ಗಡಿ ಮರೆಯುತ್ತದೆ.

ಕ್ಲೌನ್‌ಗಳದು ಇದರಲ್ಲೇ ಬೇರೊಂದು ಅಧ್ಯಾಯ. ಗುಂಪಿನಲ್ಲಿ ಅತಿ ದೊಡ್ಡದು ಹೆಣ್ಣು, ಎರಡನೆಯದು ಅದರ ಗಂಡು, ಉಳಿದವು ಸರದಿಯಲ್ಲಿ ಕಾಯುವ ಚಿಕ್ಕವು. ಹೆಣ್ಣು ಸತ್ತರೆ ಗಂಡೇ ಹೆಣ್ಣಾಗುತ್ತದೆ. ಇದನ್ನು ಫ್ರಿಕೆ ದಂಪತಿ 1977ರಲ್ಲಿ ಪ್ರಕಟಿಸಿದರು. ಕೆಳಗಿನ ಮೀನು ಮೇಲಿನದನ್ನು ಮೀರದಂತೆ ತನ್ನ ಬೆಳವಣಿಗೆಯನ್ನೇ ಹಿಡಿದಿಡುತ್ತದೆ ಎಂದು ಪೀಟರ್ ಬಸ್ಟನ್ 2003ರಲ್ಲಿ ತೋರಿಸಿದರು. ಹೊಸದಾಗಿ ಜೋಡಿ ಬಿಟ್ಟಾಗ ಚಿಕ್ಕದು ದೊಡ್ಡದರ ಮುಂದೆ ಪಕ್ಕಕ್ಕೆ ವಾಲಿ ಮೈಯೆಲ್ಲ ಅದುರಿಸುತ್ತದೆ. ನೋಡಿದವರು ರೋಗವೆಂದು ಗಾಬರಿಯಾಗಿ ಔಷಧಿಗೆ ಓಡುತ್ತಾರೆ. ಅದು ಶರಣಾಗತಿ, ಒಳ್ಳೆಯ ಲಕ್ಷಣ. ಹೀಗಾಗಿ ಒಂದೇ ಅಳತೆಯ ಎರಡು ದೊಡ್ಡ ಕ್ಲೌನ್ ತರುವ ಬದಲು ಒಂದು ದೊಡ್ಡದು, ಒಂದು ಮರಿ ತಂದರೆ ಜೋಡಿ ಬೇಗ ಕೂಡುತ್ತದೆ.

ಹವಳದ ಕಡೆಯಿಂದ

ಮೀನಿಗೆ ಹವಳ ಹೊಂದುತ್ತದೆಯೇ ಎಂಬ ಕವಲಿನಲ್ಲಿ ವಾದ ಕಡಿಮೆ. ಬಟರ್‌ಫ್ಲೈ ಮೀನುಗಳಲ್ಲಿ ಹಲವಕ್ಕೆ ಹವಳವೇ ಊಟ. ಡ್ವಾರ್ಫ್ ಏಂಜಲ್ ಒಂದು ಕಚ್ಚುತ್ತದೆ, ಒಂದು ಕಚ್ಚುವುದಿಲ್ಲ; ಜೂಜು. ಇನ್ನೊಂದು ಸಂಗತಿಯನ್ನು ಮಾತ್ರ ಮರೆಯುವಂತಿಲ್ಲ: ಮೀನಿಗೆ ಬಿಳಿಚುಕ್ಕೆ ರೋಗ ಬಂದರೆ ಹಾಕುವ ತಾಮ್ರದ ಔಷಧಿ ಸೀಗಡಿ, ಹವಳಗಳನ್ನು ಕೊಲ್ಲುತ್ತದೆ. ಆದ್ದರಿಂದ ಹೊಸ ಮೀನನ್ನು ಬೇರೆ ತೊಟ್ಟಿಯಲ್ಲಿ ಕೆಲವು ವಾರ ಇಟ್ಟು ನೋಡದೆ ಹವಳದ ಟ್ಯಾಂಕಿಗೆ ಬಿಡುವುದು ಅಪಾಯ.

ಏಪ್ರಿಲ್ ತಿಂಗಳ ವಾದ

ಮೇಲಿನ ಮಾತುಗಳಲ್ಲಿ ಬಹುಪಾಲು 25–26 ಡಿಗ್ರಿ ನೀರನ್ನು ಲೆಕ್ಕಕ್ಕಿಟ್ಟುಕೊಂಡು ಹೇಳಿದವು. ಹೊರಗೆ 42 ಇರುವಾಗ ಮುಚ್ಚಳ ಹಾಕಿದ ಟ್ಯಾಂಕು 30 ದಾಟಲು ಹೆಚ್ಚು ಹೊತ್ತು ಬೇಕಿಲ್ಲ. 25 ಡಿಗ್ರಿಯ ಸಿಹಿನೀರು ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಆಕ್ಸಿಜನ್ ಹಿಡಿಯಬಲ್ಲದು. ಅದೇ ಶಾಖದ ಕಡಲನೀರು 6.7ರಷ್ಟು, 30 ಡಿಗ್ರಿಗೆ ಬಂದರೆ 6.2ರ ಹತ್ತಿರ. ಶಾಖ ಏರಿದಂತೆ ಮೀನಿನ ಉಸಿರಾಟದ ಅಗತ್ಯವೂ ಏರುತ್ತದೆ. ಅದರ ಮೇಲೆ ಕರೆಂಟ್ ಹೋಗಿ ಪಂಪು ನಿಂತರೆ ಮೊದಲು ಮೇಲೆ ಬಂದು ಬಾಯಿ ಬಡಿಯುವುದು ಸದಾ ಈಜಾಡುವ ಟ್ಯಾಂಗ್, ಆಮೇಲೆ ಉಳಿದವು.

ಉಸಿರಿನ ಜೊತೆಗೆ ಸ್ವಭಾವವೂ ಬದಲಾಗುತ್ತದೆ. ಪೀಟರ್ ಬಿರೊ ಮತ್ತು ಸಂಗಡಿಗರು ಡ್ಯಾಮ್ಸೆಲ್ ಮರಿಗಳ ಮೇಲೆ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ದಿನದೊಳಗೆ ಎರಡು–ಮೂರು ಡಿಗ್ರಿ ಏರಿದ್ದಕ್ಕೇ ಅವುಗಳ ಓಡಾಟ, ಧೈರ್ಯ, ಆಕ್ರಮಣ ಹಲವು ಪಟ್ಟು ಹೆಚ್ಚಿದವು. ಎಲ್ಲ ಮರಿಗಳೂ ಒಂದೇ ರೀತಿ ಬದಲಾಗಲಿಲ್ಲ. ಕೆಲವು ಹೆಚ್ಚುಕಡಿಮೆ ಮೊದಲಿನಂತೆಯೇ ಇದ್ದವು, ಕೆಲವು ಬೇರೆಯೇ ಮೀನಾದವು. ಬೆಳಿಗ್ಗೆ 26, ಮಧ್ಯಾಹ್ನ 29 ಆಗುವ ಟ್ಯಾಂಕಿನಲ್ಲಿ ಬೆಳಗಿನ ಚಾರ್ಟು ಮಧ್ಯಾಹ್ನಕ್ಕೆ ನಡೆಯುವುದಿಲ್ಲ ಎಂದಾಯಿತು. ಚಳಿಗಾಲದಲ್ಲಿ ಕೂಡಿ ಬಾಳಿದ ಮೀನುಗಳು ಬೇಸಿಗೆಯಲ್ಲಿ ಯಾಕೆ ಕಾದಾಡುತ್ತವೆ ಎಂದು ತಲೆ ಕೆರೆದುಕೊಳ್ಳುವವರು ಥರ್ಮಾಮೀಟರ್ ಕಡೆಗೊಮ್ಮೆ ನೋಡಬೇಕು.

ಚಿಲ್ಲರ್ ಇದ್ದರೆ ಸರಿ. ಬೆಲೆಯೂ ಕರೆಂಟ್ ಬಿಲ್ಲೂ ಎಲ್ಲರ ಕೈಗೆಟುಕುವಂಥದ್ದಲ್ಲ. ಇಲ್ಲದವರು ಮುಚ್ಚಳ ತೆಗೆದು ನೀರಿನ ಮೇಲೆ ಸಣ್ಣ ಫ್ಯಾನ್ ಬಿಡುತ್ತಾರೆ. ನಮ್ಮ ಒಣಹವೆಯಲ್ಲಿ ಮನೆಯ ಕೂಲರ್ ಕೆಲಸ ಮಾಡುವ ಹಾಗೆಯೇ ಇದೂ ಮಾಡುತ್ತದೆ, ಮಳೆಗಾಲದ ಜಡಿಯಲ್ಲಿ ಅಷ್ಟಕ್ಕಷ್ಟೆ. ಆರಿಹೋಗುವುದು ನೀರು ಮಾತ್ರ, ಉಪ್ಪು ಉಳಿಯುತ್ತದೆ. ದಿನಾಲೂ ಆರ್‌ಓ ನೀರು ಸೇರಿಸಿ ಮಟ್ಟ ಸರಿದೂಗಿಸಬೇಕು. ಮುಚ್ಚಳ ತೆಗೆದಾಗ ಇನ್ನೊಂದು ತೊಂದರೆ ಎದುರಾಗುತ್ತದೆ. ಫೈರ್‌ಫಿಶ್, ಹಲವು ರಾಸ್‌ಗಳು ಬೆದರಿದರೆ ನೀರಿನಿಂದ ಜಿಗಿಯುತ್ತವೆ, ಬೆಳಿಗ್ಗೆ ಸೋಫಾದಡಿ ಒಣಗಿ ಸಿಗುತ್ತವೆ. ಅಂಥ ಮೀನು ಟ್ಯಾಂಕಿನ ಯಾವ ಮೀನಿಗೆ ಹೊಂದಿದರೂ ಫ್ಯಾನಿಗೆ ಹೊಂದಲಿಲ್ಲ. ಟ್ಯಾಂಕಿನ ಬಾಯಿಗೆ ನೈಲಾನ್ ಬಲೆ ಕಟ್ಟಿದರೆ ಗಾಳಿಯೂ ಆಡುತ್ತದೆ, ಮೀನೂ ಉಳಿಯುತ್ತದೆ. ನಮ್ಮ ಊರಿನ ಮಟ್ಟಿಗೆ ಟ್ಯಾಂಗ್ ಆಸೆ ಬಿಟ್ಟು, ಕ್ಲೌನ್ ಜೋಡಿ, ಒಂದೆರಡು ಗೋಬಿ, ಒಂದು ಕಾರ್ಡಿನಲ್ ಎಂದು ಕಡಿಮೆ ಮೀನಿನಲ್ಲೇ ನಿಲ್ಲಿಸುವುದು ಲೇಸೆಂದು ನನ್ನ ಎಣಿಕೆ.

ಕಾನೂನು

ಹೊರದೇಶದ ಪುಸ್ತಕಗಳ ಪಟ್ಟಿ ಇಲ್ಲಿ ಹಾಗೇ ನಡೆಯದಿರುವುದಕ್ಕೆ ಬಿಸಿಲಲ್ಲದೆ ಇನ್ನೊಂದು ಕಾರಣವೂ ಇದೆ. ದಿಬ್ಬ ಕಟ್ಟುವ ಹವಳಗಳು, ಕಡಲಕುದುರೆಗಳು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿದವು. ಮುರ್ಡೇಶ್ವರದಾಚೆಯ ನೇತ್ರಾಣಿಯಲ್ಲಿ ಮುಳುಗಿ ಹವಳ ನೋಡಬಹುದು, ಚೂರು ಕಿತ್ತು ತಂದರೆ ಅಪರಾಧ. 2017ರಲ್ಲಿ ಕೇಂದ್ರ ಸರ್ಕಾರ ಅಕ್ವೇರಿಯಂ ಅಂಗಡಿಗಳಿಗೆ ನಿಯಮ ತಂದು ಕ್ಲೌನ್, ಬಟರ್‌ಫ್ಲೈ, ಏಂಜಲ್‌ಗಳನ್ನೂ ನಿಷೇಧದ ಪಟ್ಟಿಗೆ ಸೇರಿಸಿತ್ತು. ವಿರೋಧ ಬಂದ ಮೇಲೆ ಹಿಂದಕ್ಕೆ ತೆಗೆದುಕೊಂಡಿತು. ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಹಲವು ಜಾತಿಯ ಕ್ಲೌನ್, ಡ್ಯಾಮ್ಸೆಲ್‌ಗಳನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನ ರೂಪಿಸಿದೆ. ಕಡಲು ದೋಚದೆ ಈ ಹವ್ಯಾಸ ನಡೆಸುವ ಮಾನದ ದಾರಿ ಸದ್ಯಕ್ಕೆ ಅದು.

ಇನ್ನೂ ಬಗೆಹರಿಯದ್ದು

ಅಂಗಡಿಯಲ್ಲಿ ಗುಂಪಾಗಿ ತೇಲುವ ಹಸಿರು ಕ್ರೋಮಿಸ್ ಮನೆಯ ಟ್ಯಾಂಕಿಗೆ ಬಂದರೆ ಒಂದೊಂದಾಗಿ ಕಡಿಮೆಯಾಗುತ್ತಾ ಕೊನೆಗೆ ಒಂದೋ ಎರಡೋ ಉಳಿಯುತ್ತವೆ. ಒಳಜಗಳವೇ ಕಾರಣವೆಂದು ಒಂದು ಪಕ್ಷ, ಯುರೊನೀಮಾ ಎಂಬ ಪರೋಪಜೀವಿ ಎಂದು ಇನ್ನೊಂದು. ಗಾಯವಾದ ಮೀನಿಗೇ ಸೋಂಕು ತಗಲುವುದೂ ಇರುವುದರಿಂದ ಎರಡನ್ನು ಬಿಡಿಸುವುದು ಕಷ್ಟ. ಮೀನು ಹೆಚ್ಚಾದರೆ ಏಟು ಹಂಚಿಹೋಗಿ ಯಾರೂ ಸಾಯುವುದಿಲ್ಲ ಎಂಬುದು ಆಫ್ರಿಕದ ಸಿಕ್ಲಿಡ್ ಸಾಕುವವರ ಉಪಾಯ. ಹವಳದ ಟ್ಯಾಂಕಿನಲ್ಲಿ ಅದು ಜಗಳ ಇಳಿಸುತ್ತದೋ, ನೀರು ಕೆಡಿಸಿ ಎಲ್ಲರನ್ನೂ ಒಟ್ಟಿಗೆ ಮುಗಿಸುತ್ತದೋ ಎಂಬಲ್ಲಿ ಅನುಭವಿಗಳೇ ಎರಡು ಹೋಳು. ತೊಟ್ಟಿಯಲ್ಲಿ ಹುಟ್ಟಿದ ಮೀನು ಕಡಲಿನದಕ್ಕಿಂತ ಸಾಧುವೇ, ಅಥವಾ ಜನಜಂಗುಳಿಯಲ್ಲಿ ಬೆಳೆದು ಇನ್ನಷ್ಟು ಜಗಳಗಂಟಿಯೇ? ಹಳದಿ ಟ್ಯಾಂಗ್ 2015ರಲ್ಲಿ, ನೀಲಿ ಟ್ಯಾಂಗ್ 2016ರಲ್ಲಿ ಮೊದಲ ಬಾರಿಗೆ ತೊಟ್ಟಿಯಲ್ಲಿ ಮರಿಯಾಗಿ ಬೆಳೆದವು; ಹೋಲಿಸಿ ತೀರ್ಮಾನ ಹೇಳಲು ಇದು ಸಣ್ಣ ಕಾಲ. ಇನ್ನು ಶಾಖದ ಪ್ರಶ್ನೆ: ಬಿರೊ ಅವರ ಪ್ರಯೋಗ ಮರಿಗಳ ಮೇಲೆ, ಒಂದೇ ದಿನದ ಏರಿಳಿತದಲ್ಲಿ ನಡೆದದ್ದು. ಎರಡು ತಿಂಗಳು ಬಿಡದೆ 29–30 ಡಿಗ್ರಿಯಲ್ಲಿರುವ ಬೆಳೆದ ಮೀನು ಆ ಶಾಖಕ್ಕೆ ಒಗ್ಗಿ ತಣ್ಣಗಾಗುತ್ತದೆಯೇ, ಬೇಸಿಗೆ ಮುಗಿಯುವವರೆಗೂ ಕುದಿಯುತ್ತಲೇ ಇರುತ್ತದೆಯೇ ಎಂಬುದನ್ನು ಆ ಪ್ರಯೋಗದಿಂದ ಹೇಳಲಾಗದು.